ತೆಂಗಿನ ಗರಿ ನೀಲಿಯಾಗಿದ್ದ ಜಾಹೀರಾತು

ನಿವೃತ್ತನಾಗುವಾಗ ನನಗೆ ಇಪ್ಪತ್ತೊಂಬತ್ತು ವರ್ಷ. ನಗಬೇಡಿ. ಕಾರವಾರದ ಡಾಕ್ಟರು ಎದೆಗೆ ಕೊಳವೆಯಿಟ್ಟು, ಎರಡು ಸಲ ಕೆಮ್ಮಿಸಿ, "ಇನ್ನು ಮೇಲೆ ಪೇಂಟಿನ ಡಬ್ಬಿಯ ಮುಚ್ಚಳ ತೆಗೆಯುವುದನ್ನೂ ನೀನು ದೂರದಿಂದಲೇ ನೋಡಬೇಕು" ಎಂದ ದಿನ ನನ್ನ ವೃತ್ತಿ ಮುಗಿಯಿತು. ಶಾಲು, ಹಾರ, ಗೋಡೆ ಗಡಿಯಾರ ಯಾವುದೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಇನ್‌ಹೇಲರ್. ಉಳಿದದ್ದು ನಾನೇ ಬರೆದಿಟ್ಟ ಒಂಬತ್ತು ಡೈರಿಗಳು. ಈಗ ಅಣ್ಣನ ಸ್ಟೇಷನರಿ ಅಂಗಡಿಯಲ್ಲಿ ಕೂರುತ್ತೇನೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆ ಡೈರಿಗಳನ್ನು ತೆರೆದು, ಗಾಡಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಮೊದಲ ಬುದ್ಧಿಮಾತು ಈಗಲೇ ಹೇಳಿಬಿಡುತ್ತೇನೆ: ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು, ಮಾಸ್ಕ್ ಹಾಕಿಕೊಳ್ಳಿ. ಉಳಿದ ಬುದ್ಧಿಮಾತುಗಳು ಅಷ್ಟೊಂದು ಉಪಯುಕ್ತವಾಗಿಲ್ಲ.

ನಾನು ದುಡಿದದ್ದು ಅಂಕೋಲೆಯಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ಕುಳಿತ ಒಂದು ಗ್ಯಾರೇಜಿನಲ್ಲಿ. ಯಜಮಾನರು ದತ್ತಾ ಮೇಸ್ತ್ರಿ. ಕಾರವಾರದವರು. ಮನೆಯಲ್ಲಿ ಕೊಂಕಣಿ, ಗ್ಯಾರೇಜಿನಲ್ಲಿ ಕನ್ನಡ, ಸ್ಪ್ರೇ ಗನ್ನಿನ ಬಾಯಿ ಕಟ್ಟಿದಾಗ ಎರಡೂ ಅಲ್ಲದ ಇನ್ನೊಂದು ಭಾಷೆ ಮಾತಾಡುತ್ತಿದ್ದರು. ಸೇರಿದ ದಿನ ಬೂದು ಬಣ್ಣಕ್ಕೆ ಕಪ್ಪು ಎಷ್ಟು ಬೆರೆಸಬೇಕೆಂದು ಕೇಳಿದೆ.

"ಕಣ್ಣಂದಾಜು" ಎಂದರು.

ಅವರು ಬೆರೆಸುವುದನ್ನು ಎಣಿಸಿ, ಆ ದಿನದ ಡೈರಿಯಲ್ಲಿ "ಕಣ್ಣಂದಾಜು ಅಂದರೆ ಏಳು ಚಮಚ" ಎಂದು ಬರೆದೆ. ಮರುದಿನ ಅದೇ ಬೂದು ಬಣ್ಣಕ್ಕೆ ಅವರು ಹತ್ತು ಚಮಚ ಹಾಕಿದರು. ಅದನ್ನೂ ಬರೆದೆ. ತಿಂಗಳ ಕೊನೆಗೆ ಸರಾಸರಿ ತೆಗೆದು ತೋರಿಸಿದಾಗ ಅವರು ನನ್ನನ್ನೇ ನೋಡಿ, "ಅರೇ ದೇವಾ, ನಾನು ಪೇಂಟರನ್ನು ಕೇಳಿದ್ದೆ, ಲೆಕ್ಕ ಬರೆಯುವ ತಲಾಠಿಯನ್ನು ಕಳಿಸಿದ್ಯಾ?" ಎಂದು ಆಕಾಶವನ್ನು ಕೇಳಿದರು. ಬಡ್ತಿಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಸ್ಯಾಂಡ್ ಪೇಪರಿನಿಂದ ಸ್ಪ್ರೇ ಗನ್ನಿಗೆ ಬಂದೆ, ಅಷ್ಟೇ.

ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಮೂರು ತಗಡಿನ ಟ್ರಂಕುಗಳಿದ್ದವು. ಬಂದರಿನ ಕೆಲಸಕ್ಕೆಂದು ಬಂದಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ಮೇಸ್ತ್ರಿಗೆ ಬಿಟ್ಟುಹೋದವು. ತುಂಬ ಹಳೆಯ ಇಂಗ್ಲಿಷ್ ಮೋಟಾರು ಮಾಸಪತ್ರಿಕೆಗಳು. ಕಾರು, ಸ್ಕೂಟರು, ಲಾರಿ, ರೇಸು, ರಿಪೇರಿ ಎಲ್ಲವೂ ಇದ್ದ, ನುಣುಪು ಕಾಗದದ ಪತ್ರಿಕೆಗಳು. ಮೇಸ್ತ್ರಿಗೆ ಇಂಗ್ಲಿಷ್ ಬಾರದು. ಅವರು ಓದುತ್ತಿದ್ದದ್ದು ಜಾಹೀರಾತುಗಳನ್ನು ಮಾತ್ರ, ಅದೂ ಚಿತ್ರಗಳನ್ನು. ಒಂದು ಮಳೆಗಾಲ ಕೆಲಸವಿಲ್ಲದೆ ಕುಳಿತಾಗ ನಾನು ಎಲ್ಲವನ್ನೂ ಹೊರತೆಗೆದು ಲೆಕ್ಕ ಹಾಕಿದೆ. ಒಟ್ಟು ಸಂಚಿಕೆ 143. ರಟ್ಟು ಕಳಚಿದವು 31. ಇಲಿ ರುಚಿ ನೋಡಿ ಬಿಟ್ಟವು 12. ಜಾಹೀರಾತುಗಳಲ್ಲಿ ಕಾರಿನ ಪಕ್ಕ ನಿಂತ ಹೆಂಗಸರು 212, ಒಳಗೆ ಕೂತು ಸ್ಟಿಯರಿಂಗ್ ಹಿಡಿದವರು ಮೂವರು. ಮಳೆಯಲ್ಲಿ ನೆನೆದ ಕಾರು ಒಂದೇ ಒಂದು, ಅದು ವೈಪರಿನ ಜಾಹೀರಾತು. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆಯ ಕೆಳಗೇ ಬದುಕುವ ನಮಗೆ ಆ ದೇಶ ಯಾವುದೆಂದು ಆಶ್ಚರ್ಯವಾಗುತ್ತಿತ್ತು.

ಲೇಖನಗಳನ್ನು ನಾನು ಪಿಯುಸಿಯ ಇಂಗ್ಲಿಷಿನಲ್ಲಿ ತಡವರಿಸಿ ಓದಿದ್ದೇನೆ. ಲೇಖನಗಳಲ್ಲಿ ಕಾರುಗಳು ಕೆಡುತ್ತಿದ್ದವು. ಜಾಹೀರಾತುಗಳಲ್ಲಿ ಒಂದೂ ಕೆಡುತ್ತಿರಲಿಲ್ಲ. ಅಲ್ಲಿ ರಸ್ತೆಗೆ ಹೊಂಡವಿಲ್ಲ, ಘಾಟಿಯಲ್ಲಿ ಯಾರಿಗೂ ವಾಂತಿ ಬರುವುದಿಲ್ಲ, ಕಿಟಕಿಯ ಪಕ್ಕಕ್ಕಾಗಿ ಮಕ್ಕಳು ಗುದ್ದಾಡುವುದಿಲ್ಲ. ಬ್ಯಾಟರಿಯ ಮೇಲೆ ಆನೆ ನಿಂತಿದೆ, ಬ್ಯಾಟರಿಗೆ ಏನೂ ಆಗಿಲ್ಲ, ಆನೆಗೂ ಬೇಸರವಿಲ್ಲ. ಪೆಟ್ರೋಲ್ ಬಂಕಿನವನು ಮದುಮಗನನ್ನು ಎದುರುಗೊಳ್ಳುವವನಂತೆ ಸಲಾಮು ಹೊಡೆಯುತ್ತಿದ್ದಾನೆ. ಟೈರಿನ ಜಾಹೀರಾತೊಂದರಲ್ಲಿ ಕೋಟು ತೊಟ್ಟ ಮಹನೀಯನೊಬ್ಬ ಮಂಡಿಯೂರಿ ಚಕ್ರ ಬದಲಿಸುತ್ತಿದ್ದ. ಮೇಸ್ತ್ರಿಗೆ ಅವನೆಂದರೆ ಭಾರೀ ಪ್ರೀತಿ. "ನೋಡು ರೇ, ಟೈರು ಬಿಚ್ಚಿದ್ದಾನೆ, ಅಂಗಿಗೆ ಒಂದು ಕಲೆ ಇಲ್ಲ. ಇವನನ್ನ ಕೆಲಸಕ್ಕೆ ಇಟ್ಕೊಂಡ್ರೆ ಸೋಪು ಉಳೀತದೆ" ಎನ್ನುತ್ತಿದ್ದರು.

ಕೈಗಾ ಕಂಪನಿ ಬಸ್ಸಿನ ಡ್ರೈವರ್ ಒಬ್ಬರು ರಜೆಯ ದಿನ ಗಾಡಿಯಿಲ್ಲದೆ, ಕೆಲಸವಿಲ್ಲದೆ ಬಂದು ಬೆಂಚಿನ ಮೇಲೆ ಕೂತು ಈ ಪತ್ರಿಕೆಗಳನ್ನು ತಿರುವುತ್ತಿದ್ದರು. ನನ್ನ ಲೆಕ್ಕದಲ್ಲಿ ಆನೆಯ ಜಾಹೀರಾತನ್ನು ಅವರು ಇಪ್ಪತ್ತಾರು ಸಲ ನೋಡಿದ್ದಾರೆ. ಅದರಲ್ಲಿ ಎಂಥದ್ದಿದೆ ಎಂದು ಕೇಳಿದೆ.

"ತಮಾ, ದಿನಾ ಕಾಡಲ್ಲಿ ಬಸ್ಸು ಓಡಿಸ್ತೆ. ಒಳಗೆ ಕೂತವ್ರೆಲ್ಲ ನಿದ್ದೆ ಮಾಡ್ತ್ರು. ಇದು ನೋಡ್ರೆ ಗಾಡಿ ಅಂದ್ರೆ ಖುಷಿ ಅಂತ ನೆನಪಾಗ್ತದೆ" ಎಂದರು. ನನಗೂ ಹಾಗೆಯೇ ಆಗುತ್ತಿತ್ತು. ಆದರೆ ಅದನ್ನು ಡೈರಿಯಲ್ಲಿ ಯಾವ ಕಾಲಂನಲ್ಲಿ ಬರೆಯುವುದೆಂದು ತಿಳಿಯಲಿಲ್ಲ.

ಮೇಸ್ತ್ರಿಗೆ ಈ ಪತ್ರಿಕೆಗಳು ಬರೀ ನೋಡುವ ವಸ್ತುಗಳಲ್ಲ. ಅವೇ ಅವರ ಬಣ್ಣದ ಪುಸ್ತಕ. ಯಾರಾದರೂ ಹಳೆಯ ಗಾಡಿ ತಂದು "ಮೊದಲಿನ ಬಣ್ಣ ಮಾಡಿಕೊಡಿ" ಎಂದರೆ, ಟ್ರಂಕಿನಿಂದ ಆ ಗಾಡಿಯ ಬಣ್ಣದ ಜಾಹೀರಾತು ಹುಡುಕುತ್ತಿದ್ದರು. ಪುಟದ ಮೇಲೆ ಒಂದು ಗಾಜು ಇಡುವುದು. ಬೆರೆಸಿದ ಬಣ್ಣದ ಒಂದು ಬೊಟ್ಟನ್ನು ಗಾಜಿನ ಮೇಲೆ, ಚಿತ್ರದ ಗಾಡಿಯ ಮೈ ಬರುವಲ್ಲಿ ಇಡುವುದು. ಒಣಗಲು ಬಿಡುವುದು. ಬೊಟ್ಟು ಕಂಡರೆ ಮತ್ತೆ ಬೆರೆಸುವುದು. ಬೊಟ್ಟು ಎಲ್ಲಿಟ್ಟೆವೆಂದು ನಮಗೇ ಹುಡುಕಲಾಗದಿದ್ದರೆ ಬಣ್ಣ ಕೂಡಿತು ಎಂದರ್ಥ. ಈ ಕೆಲಸ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ನೆರಳಿನಲ್ಲಿ ಆಗಬೇಕು. ಒಮ್ಮೆ ನಾನು ಅವಸರದಿಂದ ಟ್ಯೂಬ್‌ಲೈಟಿನ ಕೆಳಗೆ ಬೆರೆಸಿದ ಕಂದು ಬಣ್ಣ ಬಿಸಿಲಿಗೆ ಬಂದ ಕೂಡಲೇ ನೇರಳೆಯಾಯಿತು. ಆ ಸ್ಕೂಟರಿನ ಯಜಮಾನ, ಮೀನು ವ್ಯಾಪಾರಿ, ಗಾಡಿಯ ಸುತ್ತ ಒಂದು ಸುತ್ತು ಬಂದು, "ಇದು ಮುರುಗಲು ಹಣ್ಣಿನ ಸ್ಕೂಟರಾ?" ಎಂದು ಕೇಳಿದ. ಮತ್ತೆ ಮೊದಲಿನಿಂದ ಉಜ್ಜಿದೆ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯ ಪೇಂಟಿನ ಅಂಗಡಿಗೆ ಬಣ್ಣ ಬೆರೆಸುವ ಕಂಪ್ಯೂಟರು ಬಂತು. ಮೇಸ್ತ್ರಿ ಅದನ್ನು ಸೋಲಿಸಲೆಂದೇ ನನ್ನ ಕೈಯಲ್ಲಿ ಬೆರೆಸಲು ಕಠಿಣವಾದ ಕೆಂಪು ಬಳಿದ ಒಂದು ತಗಡಿನ ತುಂಡು ಕೊಟ್ಟು ಬಸ್ಸು ಹತ್ತಿಸಿದರು. ಯಂತ್ರ ಮೂರು ನಿಮಿಷದಲ್ಲಿ ಸರಿಯಾಗಿ ಹೇಳಿತು. ಮೇಸ್ತ್ರಿಗೆ ಎರಡು ದಿನ ಮೀನು ಸೇರಲಿಲ್ಲ. ಈಗ ಕೆಲಸಕ್ಕೆ ಸೇರುವವರು ಆ ಯಂತ್ರವನ್ನೇ ನಂಬಿ. ಏಕೆ ಎನ್ನುವುದಕ್ಕೆ 2005ರ ಡೈರಿಯನ್ನು ತೆರೆಯಬೇಕು.

ಆ ವರ್ಷ ಜನವರಿಯಲ್ಲಿ ಲಾರಿಯ ಮೇಲೆ ಒಂದು ಅಂಬಾಸಿಡರ್ ಬಂತು. ಯಜಮಾನರು ವಿಠೋಬ ನಾಯ್ಕರು, ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನನ್ನ ಪಾಲಿಗೆ ವಿಠೋಬಜ್ಜ. ಚೆಂಡಿಯಾದಲ್ಲಿ ಅವರ ಮನೆ, ತೋಟ ಎಲ್ಲ ನೌಕಾನೆಲೆಗೆ ಹೋಗಿ, ಪುನರ್ವಸತಿ ಕಾಲನಿಗೆ ಬಂದಿದ್ದರು. ಈ ಕಾರನ್ನು ಅವರು ಕೊಂಡಾಗ ಅದಕ್ಕೆ ಮೊದಲಿನ ಬಣ್ಣವೇ ಇತ್ತು. ಆಮೇಲೆ ಅವರ ತಮ್ಮ ಅದನ್ನು ಬಾಡಿಗೆಗೆ ಓಡಿಸುವಾಗ ಕಪ್ಪು ಹಳದಿ ಬಳಿದ. ಅದರ ಮೇಲೆ ಇನ್ನಾರೋ ಬಿಳಿ ಬಳಿದರು. ಆರ್.ಸಿ. ಪುಸ್ತಕದಲ್ಲೂ ಬಿಳಿ ಎಂದೇ ಇತ್ತು.

"ಮೇ ತಿಂಗಳಲ್ಲಿ ಮೊಮ್ಮಗಳ ಮದುವೆ ಅದೆ" ಎಂದರು ಅಜ್ಜ. "ಅವಳು ಮಂಟಪಕ್ಕೆ ಬಂದು ಇಳಿಯೂದು ಈ ಕಾರಿಂದ. ಚೆಂಡಿಯಾದ ಮನೆ ಹೋಯ್ತು, ಬಾವಿ ಹೋಯ್ತು. ಅಲ್ಲಿಂದ ಪೂರ್ತಿ ಬಂದದ್ದು ಇದೊಂದೇ. ನಾನು ಮೊದಲ ದಿನ ನೋಡಿದ ಹಾಂಗೇ ಇದನ್ನ ಒಂದು ಸಲ ನೋಡ್ಬೇಕು ಮೇಸ್ತ್ರಿ. ಬೇರೆ ಎಂತದೂ ಬೇಡ."

"ದತ್ತಾ ಮೇಸ್ತ್ರಿ ಹೊಡೆದದ್ದೇ ಕಂಪನಿ ಬಣ್ಣ" ಎಂದರು ಮೇಸ್ತ್ರಿ. ಇದು ಅವರ ಮಾಮೂಲಿನ ಮಾತು. ಈ ಮಾತನ್ನು ನಂಬಿಯೇ ಭಟ್ಕಳದಿಂದಲೂ ಹಳೆಯ ಗಾಡಿಗಳು ನಮ್ಮಲ್ಲಿಗೆ ಬರುತ್ತಿದ್ದವು.

ಹಳೆಯ ಬಣ್ಣ ತೆಗೆಯುವ ಕೆಲಸ ನನ್ನದು. ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಇಲ್ಲಿ ನಡೆಯಿತು. ಅದು ನಡೆದದ್ದು ನಾನು ಕೆಲಸವನ್ನು ಅತಿ ಚೆನ್ನಾಗಿ ಮಾಡಿದ್ದರಿಂದ. ಸಾಮಾನ್ಯವಾಗಿ ಪೇಂಟರುಗಳು ಸೋಮಾರಿಗಳು. ಡಿಕ್ಕಿಯ ಮೂಲೆ, ಬಾಗಿಲ ಕೀಲಿನ ಸಂದಿ, ಡ್ಯಾಶ್‌ಬೋರ್ಡಿನ ಹಿಂಬದಿಗಳಲ್ಲಿ ಹಳೆಯದನ್ನು ಹಾಗೇ ಬಿಡುತ್ತಾರೆ. ಆ ಸೋಮಾರಿತನದಿಂದಲೇ ಎಷ್ಟೋ ವರ್ಷಗಳ ಮೇಲೂ ಗಾಡಿಯ ಮೂಲ ಬಣ್ಣ ಯಾವುದೆಂದು ತಿಳಿಯುತ್ತದೆ. ನಾನು ಹಾಗಲ್ಲ. ಕಾರನ್ನು ಚೌಕಗಳಾಗಿ ವಿಂಗಡಿಸಿ, ಡೈರಿಯಲ್ಲಿ ನಕ್ಷೆ ಬರೆದು, ಹನ್ನೊಂದು ದಿನ ರಿಮೂವರ್ ಹಚ್ಚಿ, ಸಂದಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ರಿಮೂವರ್ ಬಿದ್ದರೆ ಎಲ್ಲ ಪದರಗಳೂ ಒಟ್ಟಿಗೇ ಉಬ್ಬಿ ಕೆಸರಿನ ಬಣ್ಣವಾಗುತ್ತವೆ. ಒಳಮೈಗೆ ತುಕ್ಕು ಹಿಡಿಯದಿರಲೆಂದು ಯಾರೋ ಬಳಿದಿದ್ದ ಡಾಂಬರೂ ಅದರಲ್ಲಿ ಸೇರಿತ್ತು. ಕೊನೆಗೆ ಕಾರು ಹೊಸ ಕೊಡದ ಹಾಗೆ ಹೊಳೆಯಿತು. "ಚೌಕ 64ಕ್ಕೆ 64 ಪೂರ್ಣ" ಎಂದು ಬರೆದು ಅಡಿಗೆರೆ ಎಳೆದೆ.

ಮೇಸ್ತ್ರಿ ಬಂದು ನೋಡಿದರು. ಬಾನೆಟ್ಟು ಎತ್ತಿದರು, ಡಿಕ್ಕಿ ತೆರೆದರು, ಬಾಗಿಲ ಸಂದಿಗೆ ಕಣ್ಣಿಟ್ಟರು.

"ಕಿತೆಂ ರೇ ಹೆಂ? ಏನಿದು? ಸ್ಯಾಂಪಲ್ ಎಲ್ಲಿ?"

"ಯಾವ ಸ್ಯಾಂಪಲ್?"

"ಮೂಲ ಬಣ್ಣದ್ದು ಮಾರಾಯಾ! ಒಂದು ಉಗುರಿನಷ್ಟಾದರೂ ಬಿಟ್ಟಿದ್ಯಾ?"

ಬಿಟ್ಟಿರಲಿಲ್ಲ. ಮೇಸ್ತ್ರಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಆಗ, ಕೆಲಸ ನೋಡಲು ಬಂದು ಬೆಂಚಿನ ಮೇಲೆ ಕುಳಿತಿದ್ದ ವಿಠೋಬಜ್ಜ ಎದ್ದು ಎದುರಿನ ಗೋಡೆಯತ್ತ ಹೋದರು. ಅಲ್ಲಿ ಮೇಸ್ತ್ರಿ ತಮಗೆ ಅತಿ ಪ್ರಿಯವಾದ ಒಂದು ಜಾಹೀರಾತಿಗೆ ಗಾಜು, ಮರದ ಕಟ್ಟು ಹಾಕಿಸಿ ತೂಗುಹಾಕಿದ್ದರು. ಗ್ಯಾರೇಜು ತೆರೆದ ವರ್ಷದಿಂದ ಅಲ್ಲೇ ಇತ್ತು. ಸಮುದ್ರದ ದಂಡೆ, ತೆಂಗಿನ ಮರ, ಚೆಂಡು ಹಿಡಿದ ಮಗು, ತಂದೆ ತಾಯಿ, ನಡುವೆ ಇದೇ ಜಾತಿಯ ಕಾರು. ಅಜ್ಜ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ಗಾಜಿನ ಮೇಲೆ ಬೆರಳು ಬಡಿದರು.

"ಇದೇ! ಕಚೇರಿಯಲ್ಲಿ ಸಾಹೇಬ್ರ ಮೇಜಿನ ಮೇಲೆ ಈ ಹಾಳೆ ನಾನು ಎಷ್ಟು ಸಲ ನೋಡಿದ್ದೆ. ಇದೇ ಬಣ್ಣದ್ದು ಮಾರಾಟಕ್ಕೆ ಬಂತು ಅಂತಲೇ ತಕಂಡದ್ದು. ಇದರ ಮೇಲೆ ಎರಡು ಮಾತಿಲ್ಲ."

ನಾವು ಬದುಕಿಕೊಂಡೆವು. ಬೆರಳಿಟ್ಟು ತೋರಿಸಿದ ಮೇಲೆ ಬಣ್ಣದ ಹೆಸರನ್ನು ಯಾರೂ ಕೇಳಲಿಲ್ಲ. ಕಟ್ಟನ್ನು ಇಳಿಸಿ, ಅದರ ಗಾಜಿನ ಮೇಲೆಯೇ ಬೊಟ್ಟು ಇಟ್ಟು ಬೆರೆಸತೊಡಗಿದೆವು. ತಿಳಿನೀಲಿ. ಹತ್ತೊಂಬತ್ತನೆಯ ಬೊಟ್ಟು ಕಾಣೆಯಾಯಿತು. ಬಿಳಿ, ನೀಲಿ, ಒಂದು ಹನಿ ಕಪ್ಪು, ಎಲ್ಲದರ ಅಳತೆಯೂ ನನ್ನ ಬಳಿ ಇದೆ. ಅದೇ ಪುಟದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ನಾನೇ ಬರೆದದ್ದೂ ಇದೆ: "ಚಿತ್ರದಲ್ಲಿ ತೆಂಗಿನ ಗರಿಗಳೂ ನೀಲಿ. ಹೆಂಗಸಿನ ಮುಖವೂ ಸ್ವಲ್ಪ ನೀಲಿ. ಚಿತ್ರಕಾರ ಮುಂಬೈಯವನಿರಬೇಕು."

ಡೆಂಟಿಂಗ್, ಪುಟ್ಟಿ, ಪ್ರೈಮರ್, ಮಧ್ಯದಲ್ಲಿ ಎಂಜಿನ್ನಿನ ಕೆಲಸ. ಮೇ ತಿಂಗಳ ಮೊದಲ ವಾರ, ಭಾನುವಾರ, ಮದುವೆಗೆ ಎಂಟು ದಿನ ಇರುವಾಗ ಕಾರು ಸಿದ್ಧವಾಯಿತು. ವಿಠೋಬಜ್ಜ, ಅವರ ಹೆಂಡತಿ ಸುಶೀಲಾಬಾಯಿ, ಕೈಗಾದಲ್ಲಿ ಕೆಲಸದಲ್ಲಿರುವ ಮಗ ಉಮೇಶಣ್ಣ ಮೂವರೂ ಬಂದರು. ಸುಶೀಲಾಬಾಯಿಯನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಅಜ್ಜ ಅಂಗಳದ ಬಿಸಿಲಲ್ಲಿ ಕಾರಿನ ಮೈಮೇಲೆ ಕೈಯಾಡಿಸುತ್ತ ಮೂರು ಸುತ್ತು ಬಂದರು.

"ಅದೇ! ಅದೇ ಬಣ್ಣ ಮಾರಾಯಾ! ಏ ಸುಶೀಲಾ, ನೋಡ್ದ್ಯಾ?"

ಆಯಿ ನೋಡಿದರು. ಕಾರನ್ನು ನೋಡಿದರು, ಗಂಡನನ್ನು ನೋಡಿದರು, ನಮ್ಮಿಬ್ಬರನ್ನೂ ಸಾವಕಾಶವಾಗಿ ನೋಡಿದರು. "ಚಲೋ ಆಗದೆ" ಎಂದು ಕಾರಿನಲ್ಲಿ ಹತ್ತಿ ಕುಳಿತರು. ಆ ನೋಟ ನನಗೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಅರ್ಥವಾಯಿತು. ಕಟ್ಟಿನ ಗಾಜಿನ ಮೇಲೆ ಉಳಿದಿದ್ದ ಹತ್ತೊಂಬತ್ತು ಬೊಟ್ಟುಗಳನ್ನು ಕೆರೆಯುತ್ತಿದ್ದೆ. ಹಿಂದಿನ ಹಲಗೆ ಕೊಳೆತು ಕುಂಬಾಗಿತ್ತು, ಕಳಚಿ ಬಿತ್ತು. ಹಾಳೆ ಜಾರಿ ನನ್ನ ತೊಡೆಯ ಮೇಲೆ ಬಂತು. ಹಾಳೆಯ ನಾಲ್ಕೂ ಅಂಚಿನಲ್ಲಿ, ಕಟ್ಟಿನ ಮರದ ಅಡಿಯಲ್ಲಿ ಇಷ್ಟು ವರ್ಷ ಬೆಳಕು ಕಾಣದೆ ಅಡಗಿದ್ದ ಒಂದು ಬೆರಳಗಲದ ಪಟ್ಟಿ ಇತ್ತು. ಅಲ್ಲಿ ತೆಂಗಿನ ಗರಿಯ ತುದಿ ಹಸಿರಾಗಿತ್ತು. ಮರಳು ಹಳದಿಯಾಗಿತ್ತು. ಕಾರಿನ ಹಿಂಬದಿಯ ಒಂದು ಚೂರು ಅಂಚಿನವರೆಗೆ ಬಂದಿತ್ತು. ಅದು ಎಳೆ ಬಾಳೆಲೆಯ ಹಾಗೆ ತಿಳಿಹಸಿರು. ಗ್ಯಾರೇಜಿನ ಬಾಗಿಲು ಪಡುವಣಕ್ಕೆ. ಅಷ್ಟೂ ವರ್ಷ ಸಂಜೆಯ ಬಿಸಿಲು ನೇರವಾಗಿ ಆ ಗೋಡೆಗೆ ಬಡಿದು ಹಳದಿ, ಕೆಂಪುಗಳನ್ನೆಲ್ಲ ಕುಡಿದು, ನೀಲಿಯೊಂದನ್ನೇ ಬಿಟ್ಟಿತ್ತು. ನಾವು ಕಾರಿಗೆ ಹೊಡೆದದ್ದು ಕಂಪನಿ ಬಣ್ಣವಲ್ಲ, ಬಿಸಿಲು ಉಂಡು ಬಿಟ್ಟ ಎಂಜಲು.

ಮೇಸ್ತ್ರಿ ಹಾಳೆಯನ್ನು ನೋಡಿ ಸ್ಟೂಲಿನ ಮೇಲೆ ಕುಳಿತರು.

"ಮತ್ತೆ ಹೊಡೆಯೂಕೆ ಎಷ್ಟು ದಿನ ಬೇಕು?"

"ಕಡಿಮೆ ಅಂದ್ರೆ ಹನ್ನೆರಡು. ಮದುವೆಗೆ ಉಳಿದದ್ದು ಏಳು."

"ಆದರೆ ಅಜ್ಜ ಅದೇ ಬಣ್ಣ ಅಂದ್ರಲ್ಲ ರೇ. ಎರಡು ಸಲ ಅಂದ್ರು. ಅದು ಹ್ಯಾಗೆ?"

ಉತ್ತರ ಹನ್ನೊಂದು ಗಂಟೆಯ ಬಸ್ಸಿನಲ್ಲಿ ಬಂತು. ಆಯಿ ಒಬ್ಬರೇ, ಕೈಯಲ್ಲಿ ಚೀಲ ಹಿಡಿದು ಒಳಗೆ ಬಂದು ಬೆಂಚಿನ ಮೇಲೆ ಕುಳಿತು ನೀರು ಕೇಳಿದರು. ಕುಡಿದು, "ಕಾರು ಹಸ್ರು ಇತ್ತು" ಎಂದರು.

ಮೇಸ್ತ್ರಿ ಕೈಮುಗಿದರು. "ಗೊತ್ತಾಯ್ತು ಆಯಿ. ಇವತ್ತು ಗೊತ್ತಾಯ್ತು."

"ಅವ್ರಿಗೆ ಇನ್ನೂ ಗೊತ್ತಾಗ್ಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದದೆ. ಬಿಳಿ ಗೋಡೆ ಹಳದಿ ಅಂತ್ರು. ನನ್ನ ನೀಲಿ ಸೀರೆ ಹಸ್ರು ಅಂತ್ರು. ನೀವು ಹೊಡೆದ ನೀಲಿ ಅವ್ರಿಗೆ ಹಸ್ರೇ ಕಾಣ್ತದೆ." ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಒರೆಸಿಕೊಂಡದ್ದಲ್ಲ, ನಗು ಮುಚ್ಚಿಕೊಂಡದ್ದು. "ಒಂದು ಹೇಳ್ತೆ, ಯಾರಿಗೂ ಹೇಳೂಕಾಗ. ಆವತ್ತು ಕಾರು ತಕಣೂವಾಗ ನಾನು ನೀಲಿ ಬೇಕು ಅಂದಿದ್ದೆ. ಕೇಳ್ಲಿಲ್ಲ. ಹಸ್ರು ತಂದು ನಿಲ್ಸಿದ್ರು. ಈಗ ದೇವ್ರು ನಿಮ್ಮ ಕೈಯಲ್ಲಿ ನನ್ನ ಕಾರು ಮಾಡ್ಸಿದ."

"ಹಾಗಾದ್ರೆ ಮದುವೆ ಮುಗಿಯೂ ತನಕ ಸುಮ್ನೆ ಇದ್ರಾಯ್ತು" ಎಂದು ಮೇಸ್ತ್ರಿ ಉಸಿರು ಬಿಟ್ಟರು.

"ಸುಮ್ನೆ ಇರೂಕೆ ಆಗೂದಿಲ್ಲ. ಅದ್ಕೇ ಬಂದೆ. ಉಮೇಶ ಕಣ್ಣಿನ ಡಾಕ್ಟ್ರ ಹತ್ರ ಮಾತಾಡಿದ. ಅಪ್ಪನಿಗೆ ಮದುವೆ ಸರಿಯಾಗಿ ಕಾಣ್ಲಿ ಅಂತ. ಬುಧವಾರ ಬಲಗಣ್ಣಿನ ಆಪರೇಷನ್."

ಮೇಸ್ತ್ರಿಯ ಬುದ್ಧಿ ಇಂಥ ಹೊತ್ತಿನಲ್ಲಿ ಸ್ಪ್ರೇ ಗನ್ನಿಗಿಂತ ಚುರುಕು. ಅವರ ಮಾವನಿಗೂ ಪೊರೆ ತೆಗೆಸಿದ್ದರಂತೆ, ಮೊದಲ ಕೆಲವು ದಿನ ಎಲ್ಲವೂ ಸ್ವಲ್ಪ ನೀಲಿಯಾಗಿ ಕಾಣುತ್ತಿತ್ತಂತೆ. "ಹಾಂಗೇ ಹೇಳೂದು. ಕಣ್ಣು ಹೊಸತು, ಅದಕ್ಕೆ ನೀಲಿ ಕಾಣ್ತದೆ, ಕ್ರಮೇಣ ಹಸಿರಾಗ್ತದೆ ಅಂತ. ಮದುವೆ ಆದ ಮೇಲೆ ನಾನೇ ಖುದ್ದು ಪುಕ್ಕಟೆ ಹಸಿರು ಹೊಡೆದು ಕೊಡ್ತೆ. ಇವನು ಬಾಯಿ ಬಿಡೂಕಾಗ, ಅಷ್ಟೇ." ಇಬ್ಬರೂ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಡೈರಿಯಲ್ಲಿ ಮಾತ್ರ ಎಲ್ಲವನ್ನೂ ಬರೆದೆ. ಮತ್ತು ಏಕೋ ಏನೋ, ಆ ಹಾಳೆಯನ್ನು ಮಡಿಸದೆ ಡೈರಿಯೊಳಗೆ ಇಟ್ಟುಕೊಂಡೆ.

ಶುಕ್ರವಾರ ಕೊನೆಯ ಪಾಲಿಶ್ ಮಾಡಲು ಮೇಸ್ತ್ರಿ ಮತ್ತು ನಾನು ಕಾಲನಿಗೆ ಹೋದೆವು. ಸುಣ್ಣ ಬಳಿದ ಹೊಸ ಮನೆ, ಅಂಗಳದಲ್ಲಿ ನಾಲ್ಕು ಬಾಳೆಗಿಡ, ಚಪ್ಪರದ ಕೆಳಗೆ ಕಾರು. ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿದ್ದರು. ನಮ್ಮನ್ನು ಕಂಡು ಇಳಿದು ಬಂದರು. ಕನ್ನಡಕ ತೆಗೆದು ಆಯಿಯ ಕೈಗೆ ಕೊಟ್ಟರು. ಬಲಗಣ್ಣಿನ ಮೇಲೆ ಅಂಗೈ ಮುಚ್ಚಿ ಕಾರನ್ನು ನೋಡಿದರು. ಆಮೇಲೆ ಎಡಗಣ್ಣನ್ನು ಮುಚ್ಚಿ ನೋಡಿದರು. ಮತ್ತೆ ಬಲ, ಮತ್ತೆ ಎಡ. ಒಟ್ಟು ನಾಲ್ಕು ಸಲ. ನಾನು ಎಣಿಸುತ್ತಿದ್ದೆ, ಇನ್ನೇನು ಮಾಡಲಿ.

"ಮೇಸ್ತ್ರಿ, ಈ ಕಣ್ಣಿಗೆ ಹಸ್ರು. ಈ ಕಣ್ಣಿಗೆ ನೀಲಿ."

"ಆಪರೇಷನ್ ಆದ್ರೆ ಹಾಂಗೇ ಅಜ್ಜ. ಸ್ವಲ್ಪ ದಿನ ಎಲ್ಲಾ ನೀಲಿ ಕಾಣ್ತದೆ. ನಮ್ಮ ಮಾವನಿಗೂ..."

"ಹೌದಾ?" ಅಜ್ಜ ಬಾಳೆಗಿಡದ ಕಡೆ ತಿರುಗಿದರು. ಜೀವಮಾನವಿಡೀ ಹಡಗಿನ ಸರಕು ಪಟ್ಟಿಯನ್ನು ಸರಕಿನೊಂದಿಗೆ ತಾಳೆ ನೋಡಿದ ಗುಮಾಸ್ತರು ಅವರು. ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು. "ಬಾಳೆ ಎಲೆ ಎರಡೂ ಕಣ್ಣಿಗೆ ಹಸ್ರೇ ಅದೆ. ಅದು ಎಂತಕ್ಕೆ ನೀಲಿ ಆಗ್ಲಿಲ್ಲ? ನಿಮ್ಮ ಮಾವ ಬಾಳೆ ಎಲೆ ನೋಡಿರ್ಲಿಲ್ವಾ?"

ಅಜ್ಜ ಗೋಡೆಯನ್ನು ನೋಡಿದರು. ಹಳೆಯ ಕಣ್ಣಿಗೆ ಹಳದಿ, ಹೊಸ ಕಣ್ಣಿಗೆ ಬಿಳಿ. ಗೋಡೆ ಬಿಳಿಯೆಂದು ಊರಿಗೆಲ್ಲ ಗೊತ್ತು. ಅವರು ನನ್ನ ಕಡೆ ತಿರುಗಿದರು.

"ತಮಾ, ನೀನು ಎಲ್ಲಾ ಬರೆದಿಡೂವವ ಅಲ್ವಾ? ಹೇಳು. ಇವೆರಡರಲ್ಲಿ ಸುಳ್ಳು ಹೇಳೂ ಕಣ್ಣು ಯಾವುದು?"

ಆಯಿ ನೆಲ ನೋಡಿದರು. ಮೇಸ್ತ್ರಿ ಪಾಲಿಶ್ ಬಟ್ಟೆಯನ್ನು ಹಿಂಡತೊಡಗಿದರು, ಅದು ಒಣಗಿದ್ದ ಬಟ್ಟೆ. ನಾನು ಚೀಲದಿಂದ ಡೈರಿ ತೆಗೆದು ಹಾಳೆಯನ್ನು ಕೊಟ್ಟೆ. ಕಾರನ್ನು ನಾನು ಅತಿಯಾಗಿ ಉಜ್ಜಿದ್ದು, ಬಿಸಿಲು ಹಾಳೆಯನ್ನು ತಿಂದದ್ದು, ಹತ್ತೊಂಬತ್ತು ಬೊಟ್ಟು, ಎಲ್ಲವನ್ನೂ ಹೇಳಿದೆ. ಆಯಿಯ ನೀಲಿಯೊಂದನ್ನು ಬಿಟ್ಟು.

ಅಜ್ಜ ಹಾಳೆಯನ್ನು ಹೊಸ ಕಣ್ಣಿನ ಹತ್ತಿರ ಹಿಡಿದು ಅಂಚಿನ ಆ ಒಂದು ಬೆರಳು ಹಸಿರನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಬರೂ ಸೋಮವಾರವೇ ಮದುವೆ" ಎಂದರು ಕೊನೆಗೆ. "ಅಷ್ಟರಲ್ಲಿ ಎಂತದೂ ಮಾಡೂಕೆ ಆಗೂದಿಲ್ಲ ಅಲ್ವಾ?"

"ಇಲ್ಲ ಅಜ್ಜ."

"ಮದುವೆ ಆದ ಮೇಲೆ ಹಸಿರು ಹೊಡೆದು..." ಎಂದು ಮೇಸ್ತ್ರಿ ಶುರು ಮಾಡಿದರು.

"ಬೇಡ!" ಎಂದರು ಆಯಿ. ಎಲ್ಲರೂ ತಿರುಗಿದರು. ಆಯಿಯ ಮುಖ ಕೆಂಪಾಗಿತ್ತು. ಬಾಯಿ ತಪ್ಪಿ ಬಂದದ್ದನ್ನು ನುಂಗಲಾಗಲಿಲ್ಲ. "ನಂಗೆ ನೀಲಿ ಇರ್ಲಿ. ಆವತ್ತೂ ಕೇಳಿದ್ದೆ. ನೀವು ಕಿವಿ ಮೇಲೆ ಹಾಕ್ಕಳ್ಲಿಲ್ಲ."

ಅಜ್ಜ ಹೆಂಡತಿಯನ್ನು ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಅವರ ಹೊಟ್ಟೆ ಅಲುಗಾಡತೊಡಗಿತು. ನಗು ಎಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನಲವತ್ತು ವರ್ಷ ಹೊಟ್ಟೆಯಲ್ಲಿ ಇಟ್ಕಂಡಿದ್ಯಾ? ಆಗ್ಲಿ ಮಾರಾಯ್ತಿ. ಉಮೇಶಾ!" ಒಳಗಿನಿಂದ ಮಗ ಬಂದ. "ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು ಅಂದ್ರಲ್ಲ ಡಾಕ್ಟ್ರು. ಬೇಡ ಅಂತ ಹೇಳು."

"ಎಂತಕ್ಕೆ ಅಪ್ಪಾ? ಆ ಕಣ್ಣಲ್ಲಿ ನಿಮಗೆ ಅರ್ಧ ಕಾಣೂದಿಲ್ಲ."

"ಕಾಣ್ಬೇಕಾದ್ದು ಕಾಣ್ತದೆ. ಬಲಗಣ್ಣಿಗೆ ಅವಳ ಕಾರು, ಎಡಗಣ್ಣಿಗೆ ನನ್ನದು."

ಡಾಕ್ಟರು ಬೈದರು, ಉಮೇಶಣ್ಣ ಬೇಡಿಕೊಂಡ, ಅಜ್ಜ ಒಪ್ಪಲಿಲ್ಲ. ಮೇಸ್ತ್ರಿ ಅಂದಿನಿಂದ "ಕಂಪನಿ ಬಣ್ಣ" ಎನ್ನುವ ಮಾತನ್ನು ಬಿಟ್ಟರು. ಯಾರಾದರೂ ಕೇಳಿದರೆ "ಹತ್ತಿರ ಹತ್ತಿರ" ಎನ್ನುತ್ತಿದ್ದರು.

ಸೋಮವಾರ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಮುಹೂರ್ತಕ್ಕೆ ಮುಂಚೆ ಅಜ್ಜ ಅಂಕೋಲೆಯ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಕಪ್ಪು ಕನ್ನಡಕ ಕಿಸೆಯಲ್ಲಿಟ್ಟುಕೊಂಡು ನಿಂತಿದ್ದರು. ಮಲ್ಲಿಗೆಯ ದಂಡೆ ಕಟ್ಟಿಕೊಂಡು ಕಾರು ಹೆದ್ದಾರಿಯಿಂದ ತಿರುಗಿ ಒಳಗೆ ಬಂತು. ಅಜ್ಜ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿದರು. ಕಾರು ಹತ್ತಿರ ಬಂದು ನಿಲ್ಲುವವರೆಗೂ ಹಾಗೆಯೇ ನಿಂತರು. ವೀಡಿಯೊದವನು ಕ್ಯಾಮೆರಾ ಇಳಿಸಿ, "ಅಜ್ಜ, ಕಣ್ಣಿಗೆ ಎಂತಾಯ್ತು?" ಎಂದು ಕೇಳಿದ. ಬಾಗಿಲು ತೆರೆಯಿತು. ಮೊಮ್ಮಗಳು ಸೀರೆಯ ನೆರಿಗೆ ಹಿಡಿದು ಒಂದು ಕಾಲು ನೆಲಕ್ಕಿಟ್ಟಳು. ಆಗ ಅಜ್ಜ ಕೈ ಬದಲಿಸಿ ಎಡಗಣ್ಣು ಮುಚ್ಚಿಕೊಂಡು, ಹೊಸ ಕಣ್ಣಿನಿಂದ ಅವಳನ್ನು ನೋಡಿದರು.